ಮಂಗನ ಕಾಯಿಲೆ: ಲಸಿಕೆ ನಿಲ್ಲಿಸಿದವರ ಮಾತನ್ನು ಈಗ ಯಾಕೆ ನಂಬಬೇಕು?

ಪ್ರಶ್ನೆ (ಅಡಿಕೆ ಬೆಳೆಗಾರ, ಸಾಗರ ತಾಲ್ಲೂಕು):
ಡಾಕ್ಟ್ರೇ, ನಮಸ್ಕಾರ. ನಮ್ಮ ಮನೆಯವರೆಲ್ಲ ವರ್ಷ ವರ್ಷ ಮಂಗನ ಕಾಯಿಲೆ ಲಸಿಕೆ ಹಾಕಿಸಿಕೊಂಡವರು. ತೋಳು ಎತ್ತಲಾಗದಷ್ಟು ನೋವು ಬರುತ್ತಿತ್ತು. ಸರ್ಕಾರ ಹೇಳಿದೆ ಅಂತ ಸಹಿಸಿಕೊಂಡೆವು. 2022ರಲ್ಲಿ ಅದೇ ಸರ್ಕಾರ ಲಸಿಕೆ ನಿಲ್ಲಿಸಿತು. ಅದು ಸರಿಯಾಗಿ ಕೆಲಸ ಮಾಡುತ್ತಿರಲಿಲ್ಲವಂತೆ! ಈಗ ಬಂದು ಉಣುಗು (ಉಣ್ಣೆ ಹುಳ) ಹತ್ತದಂತೆ ಎಣ್ಣೆ ಹಚ್ಚಿಕೊಳ್ಳಿ ಅನ್ನುತ್ತಾರೆ. ನಾಳೆ ಎಣ್ಣೆಯೂ ಪ್ರಯೋಜನ ಇಲ್ಲ ಅಂದರೆ? ತಜ್ಞರನ್ನು ಯಾಕೆ ನಂಬಬೇಕು, ನೀವೇ ಹೇಳಿ.

ಉತ್ತರ (ವೈದ್ಯೆ, ಮಲೆನಾಡಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ (ಪಿಎಚ್‌ಸಿ) ಕೆಲಸ ಮಾಡಿದವರು):
ನಿಮ್ಮ ಸಿಟ್ಟಿಗೆ ಕಾರಣ ಇದೆ. ಆದರೆ ಲಸಿಕೆ ಸಾಲದು ಅಂತ ಕಂಡುಹಿಡಿದವರು ಯಾರು? ಅದೂ ತಜ್ಞರೇ ಅಲ್ವಾ?

ಸ್ವಲ್ಪ ಹಿಂದಕ್ಕೆ ಹೋಗೋಣ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದಾಗ ಮೊದಲು ಬಂದ ಅನುಮಾನ ಹಳದಿ ಜ್ವರದ್ದು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಪರೀಕ್ಷೆ ಮಾಡಿ, ಇದು ಉಣುಗಿನಿಂದ ಹರಡುವ ಬೇರೆಯೇ ವೈರಸ್ ಅಂದರು. ರಷ್ಯಾದಲ್ಲಿದ್ದ ಒಂದು ಕಾಯಿಲೆಯ ವೈರಸ್ಸಿಗೂ ಇದಕ್ಕೂ ಹೋಲಿಕೆ ಇತ್ತು. ಹಾಗಾಗಿ ಅದರ ಲಸಿಕೆಯನ್ನೇ ಇಲ್ಲಿ ಕೊಟ್ಟು ನೋಡಿದರು. ಫಲ ಸಿಗಲಿಲ್ಲ, ಬಿಟ್ಟರು. ಆಮೇಲೆ ನಮ್ಮದೇ ವೈರಸ್ಸಿನಿಂದ ಲಸಿಕೆ ಮಾಡಿ, 1990ರಿಂದ ಹಳ್ಳಿಗಳಲ್ಲಿ ಕೊಡಲು ಶುರು ಮಾಡಿದರು. ಶುರುವಿನ ಲೆಕ್ಕದಲ್ಲಿ ಎರಡು ಡೋಸಿಗೆ ಶೇ 90ಕ್ಕೂ ಜಾಸ್ತಿ ರಕ್ಷಣೆ ಕಂಡಿತ್ತು.

2005ರಿಂದ 2010ರವರೆಗಿನ ಮಾಹಿತಿ ಹಿಡಿದು ಮತ್ತೆ ಲೆಕ್ಕ ಹಾಕಿದರು. 2013ರಲ್ಲಿ ಅದು ಪ್ರಕಟವಾಯಿತು. ಎರಡು ಡೋಸಿಗೆ ಸುಮಾರು ಶೇ 62, ಬೂಸ್ಟರ್ ಸೇರಿದರೆ ಸುಮಾರು ಶೇ 83. ಒಂದೇ ಡೋಸ್ ಹಾಕಿಸಿಕೊಂಡು ಬಿಟ್ಟವರಿಗೆ ಏನೂ ಉಪಯೋಗ ಕಾಣಲಿಲ್ಲ. ನಿಮ್ಮ ಮನೆಯವರು ಪ್ರತಿ ವರ್ಷ ಹಾಕಿಸಿಕೊಂಡಿದ್ದರೆ ಆ ನೋವು ಪೂರ್ತಿ ದಂಡವಾಗಿಲ್ಲ. ಆಮೇಲೆ ತಯಾರಾದ ಲಸಿಕೆಯ ಶಕ್ತಿಯೇ ಪರೀಕ್ಷೆಯಲ್ಲಿ ಸಾಲದೆ ಹೋಯಿತು. ಅಂಥದ್ದನ್ನು ಚುಚ್ಚುತ್ತಾ ಹೋಗುವುದಕ್ಕಿಂತ ನಿಲ್ಲಿಸಿದ್ದೇ ಸರಿ.

ಸರಿ ಇಲ್ಲದ್ದು ಏನು ಗೊತ್ತಾ? 2013ರಲ್ಲೇ ಅಂಕಿ ಕೈಗೆ ಬಂದಿತ್ತು. ಹೊಸ ಲಸಿಕೆಯ ಕೆಲಸ ಅಷ್ಟು ತಡವಾಗಿ ಯಾಕೆ ಶುರುವಾಯಿತು? ಲಸಿಕೆ ಯಾಕೆ ನಿಂತಿತು ಅಂತ ಊರೂರಿಗೆ ಬಂದು ಹೇಳಬೇಕಿತ್ತು, ಯಾಕೆ ಹೇಳಲಿಲ್ಲ? ಇದಕ್ಕೆ ಉತ್ತರ ಕೊಡಬೇಕಾದವರು ಪ್ರಯೋಗಾಲಯದವರಲ್ಲ, ಆಡಳಿತ ನಡೆಸುವವರು. ಅವರನ್ನು ಬಿಡಬೇಡಿ. ಆ ಸಿಟ್ಟಿಗೆ ಎಣ್ಣೆ ಹಚ್ಚುವುದನ್ನು ಬಿಟ್ಟರೆ ಅಧಿಕಾರಿಗೆ ಏನೂ ಆಗಲ್ಲ, ಉಣುಗು ಕಚ್ಚುವುದು ನಿಮ್ಮನ್ನೇ.

ಪ್ರಶ್ನೆ (ಇನ್ನೊಬ್ಬರು, ಬೆಂಗಳೂರು):
ಮೇಡಂ, ಇದು ಅಮೆರಿಕದವರು ಬಿಟ್ಟ ವೈರಸ್ ಅಂತ ವಾಟ್ಸಾಪಲ್ಲಿ ಓದಿದೆ. ಇದನ್ನು ಯಾರೂ ಬಾಯಿ ಬಿಡಲ್ಲ ಯಾಕೆ?

ಉತ್ತರ:
ಬಾಯಿ ಬಿಟ್ಟು ಐವತ್ತು ವರ್ಷ ಆಯಿತು ಸ್ವಾಮಿ. ವಲಸೆ ಹಕ್ಕಿಗಳ ಕಾಲಿಗೆ ಉಂಗುರ ಹಾಕುವ ಅಧ್ಯಯನಕ್ಕೆ ಅಮೆರಿಕ ಸೇನೆಯ ಹಣ ಬಂದಿದ್ದು ನಿಜ. ಆಗ ಅನುಮಾನ ಎದ್ದಿತು. 1970ರ ದಶಕದಲ್ಲಿ ಸಂಸತ್ತಿನ ಲೆಕ್ಕಪತ್ರ ಸಮಿತಿಯೇ ಅದನ್ನು ಕೆದಕಿ ವರದಿ ಕೊಟ್ಟಿತು. ಹೊರಗಿನ ಹಣ ಬಂದರೆ ಹೀಗೆ ಕೇಳಲೇಬೇಕು. ಆದರೆ ಹಣ ಬಂದ ಮಾತ್ರಕ್ಕೆ ವೈರಸ್ ಅವರು ತಂದದ್ದು ಅಂತ ಆಗಲ್ಲ, ಅದಕ್ಕೆ ಬೇರೆ ಪುರಾವೆ ಬೇಕು. ಕ್ಯಾಸನೂರಿನ ಮಂಗಗಳು ಸತ್ತದ್ದು 1957ರಲ್ಲಿ, ಆ ಹಕ್ಕಿ ಅಧ್ಯಯನ ಅದರ ನಂತರದ್ದು. ನಿಮಗೆ ಬಂದ ಮೆಸೇಜಿನಲ್ಲಿ ಇಸವಿ ಇದೆಯಾ ನೋಡಿ.

ಪ್ರಶ್ನೆ (ಆಶಾ ಕಾರ್ಯಕರ್ತೆ):
ಮೇಡಂ, ಜನ ನಮ್ಮ ಮೇಲೆ ರೇಗುತ್ತಾರೆ. 'ನಿನ್ನ ಎಣ್ಣೆ ನೀನೇ ಹಚ್ಚಿಕೋ' ಅಂತಾರೆ. ಏನು ಹೇಳಲಿ?

ಉತ್ತರ:
ಅಕ್ಕ, ಎಣ್ಣೆ ಹಚ್ಚಿದರೆ ಕಾಯಿಲೆ ಬರುವುದೇ ಇಲ್ಲ ಅಂತ ಮಾತ್ರ ಹೇಳಬೇಡಿ. ಲಸಿಕೆಗೂ ಹಾಗೆ ಹೇಳಿಯೇ ನಂಬಿಕೆ ಕಳೆದದ್ದು. ಉಣುಗು ಹತ್ತುವುದು ಕಡಿಮೆ ಆಗುತ್ತದೆ ಅನ್ನಿ. ಕಾಡಿಗೆ, ದರಗು (ಉದುರಿದ ಒಣ ಎಲೆ) ತರಲು ಹೋಗುವ ಮೊದಲು ಕೈಕಾಲಿಗೆ ಹಚ್ಚಬೇಕು. ಮೈ ಮುಚ್ಚುವ ಬಟ್ಟೆ ಬೇಕು. ಬಂದ ಮೇಲೆ ಬಿಸಿನೀರಲ್ಲಿ ಸೋಪು ಹಾಕಿ ಸ್ನಾನ, ಬಟ್ಟೆಯನ್ನೂ ಬಿಸಿನೀರಿಗೇ ಹಾಕಬೇಕು. ಜ್ವರ ಬಂದರೆ ತಾವೇ ನೋವಿನ ಮಾತ್ರೆ ನುಂಗಬಾರದು. ಈ ಕಾಯಿಲೆಯಲ್ಲಿ ರಕ್ತಸ್ರಾವ ಆಗಬಹುದು, ಕೆಲವು ಮಾತ್ರೆ ಅದನ್ನು ಜಾಸ್ತಿ ಮಾಡುತ್ತವೆ. ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ ಅಂತಲೂ ಹೇಳಿ. ರೋಗಿಯ ಮನೆ ಹತ್ತಿರ ಹೋಗಲೂ ಹೆದರುವವರಿದ್ದಾರೆ.

ಮೊದಲು ಕೇಳಿದವರು:
ಸರಿ ಡಾಕ್ಟ್ರೇ. ಗ್ರಾಮಸಭೆಯಲ್ಲಿ ಏನು ಕೇಳಬೇಕು?

ಉತ್ತರ:
'ನೀವೆಲ್ಲ ಸುಳ್ಳರು' ಅಂದರೆ ಸಭೆ ಅಲ್ಲಿಗೇ ಮುಗಿಯುತ್ತದೆ. ತಾರೀಖು ಕೇಳಿ. ಎಣ್ಣೆ ನವೆಂಬರಿನೊಳಗೆ ಬರುತ್ತದಾ, ಮನೆಗೆ ಎಷ್ಟು ಬಾಟಲಿ? ರಕ್ತದ ಮಾದರಿ ಶಿವಮೊಗ್ಗದ ಲ್ಯಾಬಿಗೆ ಯಾವತ್ತು ಹೋಗುತ್ತದೆ, ರಿಪೋರ್ಟ್ ಎಷ್ಟು ದಿನಕ್ಕೆ ಬರುತ್ತದೆ? ಐಸಿಎಂಆರ್‌ನವರ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಹೊಸ ಲಸಿಕೆ ಎಲ್ಲಿಗೆ ಬಂತು ಅಂತ ಊರಿಗೆ ತಿಳಿಸುವವರು ಯಾರು? ಉತ್ತರವನ್ನು ನಡಾವಳಿಯಲ್ಲಿ ಬರೆಸಿ. 2019ರಲ್ಲಿ ನಿಮ್ಮ ಸಾಗರ ತಾಲ್ಲೂಕಿನ ಅರಳಗೋಡಿನ ಕಡೆ ಈ ಕಾಯಿಲೆಯಿಂದ ಅಷ್ಟು ಸಾವುಗಳಾದ ಮೇಲೆ ಈ ಪ್ರಶ್ನೆ ಕೇಳಬೇಡಿ ಅನ್ನಲು ಯಾರಿಗೂ ಮುಖ ಇಲ್ಲ.

ಮೊದಲು ಕೇಳಿದವರು:
ಇನ್ನೊಂದು ವಿಷಯ. ನಮ್ಮ ತೋಟದ ಮೇಲಿನ ಬೆಟ್ಟದಲ್ಲಿ ಮೊನ್ನೆ ಒಂದು ಮಂಗ ಸತ್ತು ಬಿದ್ದಿದೆ. ಹೇಳಿ ಏನು ಪ್ರಯೋಜನ ಅಂತ ಸುಮ್ನೆ ಇದ್ದೇವೆ.

ಉತ್ತರ:
ಇವತ್ತೇ ಹೇಳಿ. ಮಂಗ ಸತ್ತ ಮೇಲೆ ಅದರ ಮೈಯ ಉಣುಗೆಲ್ಲ ಸುತ್ತಲಿನ ದರಗಿಗೆ ಇಳಿಯುತ್ತವೆ. ಯಾರೂ ಮುಟ್ಟಬೇಡಿ, ದನ ಆ ಕಡೆ ಬಿಡಬೇಡಿ. ಪಿಎಚ್‌ಸಿಗೆ, ಅರಣ್ಯ ಇಲಾಖೆಗೆ ಎರಡೂ ಕಡೆ ಫೋನ್ ಮಾಡಿ. ಸುತ್ತ ಉಣುಗು ಸಾಯಿಸುವ ಮೆಲಾಥಿಯಾನ್ ಪುಡಿ ಹೊಡೆಸಿ. ಆ ಬೆಟ್ಟಕ್ಕೆ ಹೋಗಿ ಬಂದವರ ಹೆಸರು ನಿಮ್ಮೂರ ಆಶಾಗೆ ಕೊಡಿ. ಅವರಲ್ಲಿ ಯಾರಿಗೆ ಜ್ವರ ಬಂದರೂ ಅದೇ ದಿನ ರಕ್ತ ಪರೀಕ್ಷೆಗೆ ಕೊಡಬೇಕು. ಫೋನ್ ಮಾಡಿದ ಹೊತ್ತು ಬರೆದಿಟ್ಟುಕೊಳ್ಳಿ. ಯಾರೂ ಬರದಿದ್ದರೆ ಗ್ರಾಮಸಭೆಯ ಮೊದಲ ಪ್ರಶ್ನೆ ಅದೇ ಆಗಲಿ.