ವಾಟರ್ ಪೋಲೋದಲ್ಲಿ ಆರಾಮದ ಜಾಗ ಯಾವುದು?

ದಾವಣಗೆರೆ ಜಯದೇವ ಸರ್ಕಲ್ ಹತ್ರದ ಮಂಡಕ್ಕಿ ಅಂಗಡಿ, ಸಂಜೆ ಹೊತ್ತು. ಬೆಂಚಿನ ಮೇಲೆ ನಾಲ್ವರು. ಈಜುಕೊಳದಲ್ಲಿ ಹುಡುಗರಿಗೆ ಕಲಿಸೋ ಶೈಲಕ್ಕ, ನೀರಲ್ಲಿ ತೇಲ್ತಾ ಗೋಲಿಗೆ ಚೆಂಡು ಹೊಡೆಯೋ ವಾಟರ್ ಪೋಲೋ ಮ್ಯಾಚಿಗೆ ಸೀಟಿ ಊದೋ ರುದ್ರಣ್ಣ, ಮೆಡಿಕಲ್ ಶಾಪಿನ ಮಂಜ, ಆಮೇಲೆ ಹಾಲೇಶ. ಹಾಲೇಶನಿಗೂ ಕೆಲಸ ಅಂತ ಒಂದೈತೆ, ಅದರಿಂದ ಅವನಿಗೆ ಇದುವರೆಗೂ ಏನೂ ತೊಂದರೆ ಆಗಿಲ್ಲ.

“ನೀರಲ್ಲಿ ಏಳು ಜನ ಬೇಕು. ಆರು ಜನ ಆಡೋರು, ಗೋಲು ಕಾಯೋ ಗೋಲಿ ಒಬ್ಬ. ನಂಗೆ ಆರೇ ಸಿಕ್ಕಿದಾರೆ,” ಅಂದ್ರು ಶೈಲಕ್ಕ.

“ನಾನಿದೀನಲ್ಲಕ್ಕ! ಭದ್ರಾ ನಾಲೆ ಈಜು ನಂದು. ಆದ್ರೆ ಮೊದಲೇ ಹೇಳ್ತೀನಿ, ಜಾಸ್ತಿ ಓಡಾಟ ಇರೋ ಜಾಗ ಬೇಡ,” ಅಂದ ಹಾಲೇಶ.

“ಓಡಾಟನೇ ಇಲ್ಲ ಕಣಪ್ಪ. ತಳಕ್ಕೆ ಕಾಲು ಊರಿದ್ರೆ ಫೌಲು.”

“ದಮ್ಮು ಹತ್ತಿದ್ರೆ?”

“ತೇಲ್ತಾನೇ ತಗೋ,” ಅಂದ್ರು ರುದ್ರಣ್ಣ. “ದಡ ಹಿಡಿದ್ರೂ ಸೀಟಿ, ಗೋಲ್ ಕಂಬ ಹಿಡಿದ್ರೂ ಸೀಟಿ. ಎಂಟೆಂಟು ನಿಮಿಷದ ನಾಲ್ಕು ಕ್ವಾರ್ಟರ್. ಸೀಟಿ ಬಿದ್ದಾಗೆಲ್ಲ ಗಡಿಯಾರ ನಿಲ್ಲುತ್ತೆ, ಹಂಗಾಗಿ 32 ನಿಮಿಷದ ಆಟಕ್ಕೆ ಹತ್ರ ಹತ್ರ ಒಂದು ತಾಸು ಹಿಡಿಯುತ್ತೆ.”

ಹಾಲೇಶ ಬಾಯಿಗೆ ಹಾಕಬೇಕಾದ ಮಂಡಕ್ಕಿ ಕೈಲೇ ಹಿಡ್ಕೊಂಡು ಲೆಕ್ಕ ಹಾಕಿದ. “ಗೋಲಿ ಆಗ್ತೀನಿ ಬಿಡ್ರಿ. ಬೇರೆಯವರು ಒಂದೇ ಕೈಲಿ ಚೆಂಡು ಹಿಡೀಬೇಕು, ಗೋಲಿಗೆ ಎರಡೂ ಕೈ ಉಂಟು ಅಂತ ಕೇಳಿದೀನಿ.”

“ಹೌದು, ತನ್ನ ಗೋಲಿನ ಮುಂದಿನ 6 ಮೀಟರ್ ಒಳಗೆ. ಅಲ್ಲಿ ತಳಕ್ಕೆ ಕಾಲೂ ಊರಬಹುದು.”

“ಆಹಾ! ನಂಗೇ ಅಂತ ಮಾಡಿಟ್ಟ ಜಾಗ ಇದು!”

“ಕೊಳದ ಆಳ ಕನಿಷ್ಠ 1.80 ಮೀಟರ್, 2 ಮೀಟರ್ ಇದ್ರೆ ಒಳ್ಳೇದು. ನೀನು ಐದೂವರೆ ಅಡಿ. ಊರಿ ನಿಂತ್ರೆ ಚೆಂಡು ಬರೋದು ನಿನ್ನ ತಲೆ ಮೇಲೆ, ಅದೂ ನೀರಿನ ಆಚೆ. ಗೋಲು 3 ಮೀಟರ್ ಅಗಲ, ನೀರಿಂದ ಮೇಲಕ್ಕೆ 90 ಸೆಂಟಿಮೀಟರ್. ಪಳಗಿದ ಕೈ ಹೊಡೆದ್ರೆ ಚೆಂಡು ತಾಸಿಗೆ 60–70 ಕಿಲೋಮೀಟರ್ ವೇಗದಲ್ಲಿ ಬರುತ್ತೆ. ಆರು ಮೀಟರಿಂದ ಅಂದ್ರೆ ನಿಂಗೆ ಸಿಗೋದು ಒಂದು ಸೆಕೆಂಡಿನ ಮೂರನೇ ಒಂದು ಭಾಗ. ಅಷ್ಟರಲ್ಲಿ ಸೊಂಟದ ತನಕ ನೀರಿಂದ ಮೇಲೆ ಏಳಬೇಕು.”

“ಯಾವ ಆಧಾರದ ಮೇಲೆ ಏಳೋದಕ್ಕ?”

“ಕಾಲಿನ ಮೇಲೆ. ಈ ಆಟ ಇರೋದೇ ಕಾಲಲ್ಲಿ. ಬೆಂಚಿನ ತುದಿಗೆ ಬಾ. ಬೆನ್ನು ನೆಟ್ಟಗೆ. ಮಂಡಿ ಎರಡೂ ಅಗಲಿಸು, ಭುಜಕ್ಕಿಂತ ಅಗಲ. ಪಾದ ಹೊರಕ್ಕೆ ತಿರುಗಿಸು, ಕಾಲ್ಬೆರಳು ನಿನ್ನ ಕಡೆ ಮಡಚು. ಈಗ ಬಲಗಾಲು ಹಿಂದಿಂದ ಹೊರಕ್ಕೆ, ಹೊರಗಿಂದ ಮುಂದಕ್ಕೆ, ಮುಂದಿಂದ ಒಳಕ್ಕೆ ಸುತ್ತಲಿ. ಎಡಗಾಲು ಅದರ ಉಲ್ಟಾ. ಒಂದು ಹೊರಗಿರುವಾಗ ಇನ್ನೊಂದು ಒಳಗಿರಬೇಕು.”

“ಎರಡು ರುಬ್ಬೋ ಗುಂಡು ಕಣಲೇ, ಒಂದು ಈ ಕಡೆ, ಒಂದು ಆ ಕಡೆ,” ಅಂತ ಮಂಜ ಉತ್ಸಾಹ ತುಂಬಿದ.

ಮೊದಲ ಸುತ್ತು ಬಲಗಾಲು ಚೆನ್ನಾಗಿ ಹೋಯ್ತು. ಎರಡನೇ ಸುತ್ತಿಗೆ ಎಡಗಾಲು ಸೇರ್ಕೊಂಡು ಎರಡೂ ಬಲಕ್ಕೇ ತಿರುಗಿದವು. ಮೂರನೇದಕ್ಕೆ ಎರಡೂ ಒಟ್ಟಿಗೆ ಮುಂದಕ್ಕೆ ಒದ್ದು, ಸ್ಟೂಲ್ ಮೇಲಿದ್ದ ಮಂಜನ ಮಿರ್ಚಿ ಪ್ಲೇಟು ಚರಂಡಿ ಸೇರ್ತು.

“ನೀರಲ್ಲೂ ಎಲ್ಲರೂ ಮೊದಲು ಮಾಡೋ ತಪ್ಪು ಇದೇ,” ಅಂದ್ರು ಶೈಲಕ್ಕ, ಪ್ಲೇಟಿನ ಕಡೆ ನೋಡದೆ. “ಎರಡೂ ಕಾಲು ಒಟ್ಟಿಗೆ ಒದ್ರೆ ಅದು ಕಪ್ಪೆ ಈಜು. ಒದ್ದಾಗ ಮೇಲೆ, ಮಡಚಿದಾಗ ಕೆಳಗೆ. ಚೆಂಡು ಎಸೆಯೋ ಹೊತ್ತಿಗೆ ಸರಿಯಾಗಿ ಮುಳುಗಿರ್ತೀಯ. ಒಂದಾದ ಮೇಲೊಂದು ಸುತ್ತಿದ್ರೆ ಯಾವಾಗಲೂ ಒಂದು ಕಾಲು ನೀರು ಒತ್ತುತಾ ಇರುತ್ತೆ, ತಲೆ ಅಲ್ಲಾಡಲ್ಲ. ಎರಡನೇ ತಪ್ಪು ಪಾದದ್ದು. ಬೆರಳು ಚಾಚಿದ್ರೆ ನೀರು ಜಾರುತ್ತೆ, ಒತ್ತೋಕೆ ಅಂಗಾಲೇ ಸಿಗಲ್ಲ. ಇನ್ನು ಸೊಂಟ ಬಿಗಿ ಇದ್ದೋರು ತಿರುವನ್ನೆಲ್ಲ ಮಂಡಿ ಮೇಲೆ ಹಾಕ್ತಾರೆ, ಮಂಡಿ ಒಳಬದಿ ನೋವು ಶುರು. ಅಂಥೋರು ನೀರಿಗಿಳಿಯೋಕೆ ಮುಂಚೆ ತೊಡೆಸಂದಿ ಸಡಿಲ ಮಾಡ್ಕೋಬೇಕು.”

“ಕಲಿಯೋದು ಹೆಂಗೆ ಹಂಗಾದ್ರೆ?” ಇದು ಮಂಜ. ಹಾಲೇಶ ಕಾಲು ಮೇಲೆತ್ತಿ ಬೆಂಚಿನ ಮೇಲೇ ಇಟ್ಕೊಂಡಿದ್ದ.

“ಮೊದಲು ಕೈಯಾಡಿಸ್ತಾ 30 ಸೆಕೆಂಡ್, 30 ಸೆಕೆಂಡ್ ವಿಶ್ರಾಂತಿ, ಹಿಂಗೆ ಎಂಟು ಸಲ. ಸಲೀಸಾದ್ರೆ ಮಣಿಕಟ್ಟು ನೀರಿಂದ ಹೊರಗೆ. ಆಮೇಲೆ ಮೊಣಕೈ ಹೊರಗೆ. ಕೊನೆಗೆ 5 ಲೀಟರ್ ಕ್ಯಾನಲ್ಲಿ ಅರ್ಧ ನೀರು ತುಂಬಿ ತಲೆ ಮೇಲೆ ಎತ್ತಿ ಹಿಡಿ. ಬಾಯಿಗೆ ನೀರು ಬಂತು ಅಂದ್ರೆ ಹಿಂದಿನ ಹಂತಕ್ಕೆ ವಾಪಸ್. ನಮ್ಮ ಕಡೆ ಕೊಳಗಳಲ್ಲಿ ಒಂದು ತುದಿ ಆಳ ಇರಲ್ಲ, ಹುಡುಗರು ಕಳ್ಳತನದಲ್ಲಿ ಕಾಲು ಊರ್ತಾರೆ. ಅದಕ್ಕೇ ನಾನು ಅಡ್ಡ ಹಗ್ಗ ಕಟ್ಟಿ ಆಳದ ಕಡೆ ಮಾತ್ರ ನಾಲ್ಕು–ನಾಲ್ಕು ಜನರನ್ನ ಆಡಿಸೋದು.”

ಟೀವಿಯಲ್ಲಿ ನೋಡೋರಿಗೆ ಕಾಣೋದು ಎದೆಯಿಂದ ಮೇಲಿನ ಆಟ, ಕಷ್ಟವೆಲ್ಲ ಕೆಳಗೆ. ಹಾಲೇಶನಂಥವರು ‘ನಾನೂ ಬರ್ತೀನಿ’ ಅನ್ನೋದು ಆ ಮರೆಯಿಂದಲೇ.

“ಹೋಗಲಿ, ಎದುರಾಳಿ ಗೋಲಿನ ಮುಂದೆ ಒಂದೇ ಕಡೆ ಇರೋನು ಒಬ್ಬ ಇದಾನಂತಲ್ಲ?”

“ಸೆಂಟರ್ ಫಾರ್ವರ್ಡ್. ಗೋಲಿನ ಮುಂದಿನ 2 ಮೀಟರ್ ಗೆರೆಯಿಂದ ಹೊರಗೆ, ಗೋಲಿನ ಕಡೆ ಬೆನ್ನು ಹಾಕಿ.”

“ಬೆನ್ನು ಹಾಕಿ ಕೂರೋದು ನಂಗೆ ಆಫೀಸಲ್ಲೇ ರೂಢಿ.”

“ಆಫೀಸಲ್ಲಿ ನಿನ್ನ ಬೆನ್ನ ಮೇಲೆ ನೂರು ಕೆಜಿ ಆಳು ಹತ್ತಿರಲ್ಲ,” ಅಂದ್ರು ರುದ್ರಣ್ಣ. “ಇಲ್ಲಿ ನಿನ್ನ ತಡೆಯೋ ಎದುರಾಳಿ, ಸೆಂಟರ್ ಬ್ಯಾಕ್, ಹತ್ತಿರ್ತಾನೆ. ಚೆಂಡು ನಿನ್ನ ಹಿಡಿತದಲ್ಲಿದ್ರೆ ಅವನು ನಿನ್ನ ಹಿಡೀಬಹುದು, ಎಳೀಬಹುದು, ಮುಳುಗಿಸಬಹುದು. ಅದು ಫೌಲಲ್ಲ. ನೀನು ಚೆಂಡು ಬಿಟ್ಟ ಕ್ಷಣದಿಂದ ಅದೇ ಕೆಲಸ ಫೌಲು. ಆಟ ಗೊತ್ತಿರೋನು ಚೆಂಡನ್ನ ಗೇಣು ದೂರದಲ್ಲಿ ತೇಲೋಕೆ ಬಿಟ್ಟು ಕಾಯ್ತಾನೆ. ಹಿಂದಿನೋನು ತಡೀಲಾರದೆ ಎಳೆದ ಅಂತಿಟ್ಕೋ, ಸುಮಾರು 20 ಸೆಕೆಂಡ್ ಆಟ ಬಿಟ್ಟು ಕೊಳದ ಮೂಲೆಗೆ ಹೋಗಬೇಕು. ಆಗ ಆರು ಜನಕ್ಕೆ ಐದು ಜನ, ಗೋಲು ಬೀಳೋದು ಹೆಚ್ಚು ಆವಾಗಲೇ. ಅಂಥ ದೊಡ್ಡ ಫೌಲು ಮೂರಾದ್ರೆ ಆವತ್ತಿನ ಆಟ ಅವನಿಗೆ ಮುಗೀತು.”

“ಮುಳುಗಿಸೋದು ಫೌಲಲ್ಲ?” ಹಾಲೇಶನ ದನಿ ಸಣ್ಣಗಾಗಿತ್ತು.

“ನೀನು ಚೆಂಡು ಬಿಟ್ರೆ ಅವನೂ ಬಿಡ್ತಾನೆ, ಬಿಡಪ್ಪ. ಉಗುರು ಬೆಳೆಸ್ಕೊಂಡು ಬರಬೇಡ, ಮ್ಯಾಚಿಗೆ ಮುಂಚೆ ಹತ್ತೂ ಬೆರಳು ನೋಡ್ತೀನಿ. ಮೈಗೆ ಎಣ್ಣೆ ಇದ್ರೆ ನೀರಿಗೇ ಇಳಿಸಲ್ಲ.”

“ಭಾನುವಾರ ಎಣ್ಣೆಸ್ನಾನ ಮಾಡ್ತೀನಲ್ಲ?”

“ಸೀಗೆಪುಡಿ ಹಾಕಿ ತಿಕ್ಕಿ ತೊಳ್ಕೊಂಡು ಬಾ. ಎಣ್ಣೆ ಮೈ ಎದುರಾಳಿ ಕೈಗೆ ಸಿಗಲ್ಲ, ಅದು ಒಂದು ಮೋಸ. ಚೆಂಡಿಗೆ ಹತ್ತಿದ್ರೆ ಹದಿನಾಲ್ಕು ಜನದ ಕೈಲೂ ಜಾರುತ್ತೆ.”

“ಉಗುರಿಗೆಲ್ಲ ಇಷ್ಟು ಭಯಾನಾ?” ಅಂದ ಮಂಜ.

“ಉಗುರು ಏನು ಮಹಾ! 1956ರ ಮೆಲ್ಬರ್ನ್ ಒಲಿಂಪಿಕ್ಸ್. ಸೋವಿಯತ್ ಟ್ಯಾಂಕು ಬುಡಾಪೆಸ್ಟಿಗೆ ನುಗ್ಗಿ ತಿಂಗಳಾಗಿತ್ತು, ಅಷ್ಟರಲ್ಲೇ ಹಂಗೇರಿಗೂ ಸೋವಿಯತ್ತಿಗೂ ಮ್ಯಾಚು. ಹಂಗೇರಿ 4–0 ಮುಂದೆ ಇದ್ದಾಗ ಎರ್ವಿನ್ ಜಾಡೋರ್ ಅನ್ನೋನ ಕಣ್ಣಿನ ಹತ್ರ ಗುದ್ದಿದ್ರು. ರಕ್ತ ಸುರಿಸ್ತಾ ಅವನು ಮೇಲೆ ಹತ್ತಿ ಬಂದಿದ್ದೇ ತಡ, ಜನ ರೊಚ್ಚಿಗೆದ್ದು ಆಟ ಅಲ್ಲಿಗೇ ನಿಲ್ಲಿಸಬೇಕಾಯ್ತು. ಗೆಲುವು ಹಂಗೇರಿದೇ, ಕೊನೆಗೆ ಚಿನ್ನನೂ ಅವರದೇ. ನಮ್ಮೋರೇನು ಕಮ್ಮಿ ಇರಲಿಲ್ಲ, 1951ರ ದೆಹಲಿ ಏಷ್ಯನ್ ಗೇಮ್ಸಲ್ಲಿ ಚಿನ್ನ ಗೆದ್ದಿದ್ರು.”

ಹಾಲೇಶನಿಗೆ ಚಿನ್ನ ಕೇಳಿಸಲಿಲ್ಲ, ರಕ್ತ ಮಾತ್ರ ಕೇಳಿಸ್ತು. “ನಂಗೆ ರುದ್ರಣ್ಣನ ಕೆಲಸನೇ ಕೊಡ್ರಿ. ಒಣ ಬಟ್ಟೆ, ಕೈಲೊಂದು ಸೀಟಿ.”

“ಒಂದೊಂದು ದಡಕ್ಕೆ ಒಬ್ಬ ರೆಫ್ರಿ,” ಅಂದ್ರು ಶೈಲಕ್ಕ. “ಒಂದು ಕೈ ಫೌಲಾದ ಜಾಗ ತೋರಿಸಬೇಕು, ಇನ್ನೊಂದು ಕೈ ಚೆಂಡು ಯಾವ ಕಡೆಗೆ ಅಂತ. ಪಾಪ, ಅರ್ಧಕ್ಕರ್ಧ ಏನಾಗ್ತಿದೆ ಅಂತ ಅವರಿಗೇ ಗೊತ್ತಿರಲ್ಲ.”

“ಯಾರು ಹೇಳಿದ್ದು?” ರುದ್ರಣ್ಣ ಸೆಟೆದು ಕೂತ್ರು. “ಭುಜ ನೋಡಿದ್ರೆ ಸಾಕು. ನಿಜವಾಗ್ಲೂ ಎಳೆದಿದ್ರೆ ಭುಜ ಮೊದಲು ಹಿಂದಕ್ಕೆ ಹೋಗುತ್ತೆ. ನಾಟಕ ಆಡೋನ ತಲೆ ಮೊದಲು ಹೋಗುತ್ತೆ, ಕೈ ಮೇಲೇಳುತ್ತೆ.”

“ನಿಮ್ಮ ಲೆಕ್ಕ ನಮ್ಮ ಹುಡುಗರಿಗೂ ಗೊತ್ತು ಅಣ್ಣ. ಈಗ ಭುಜದಿಂದಲೇ ನಾಟಕ ಆಡ್ತಾರೆ.”

ಇಬ್ಬರ ಜಗಳ ಮುಗಿಯೋ ಲಕ್ಷಣ ಕಾಣದೆ ಹಾಲೇಶ ಟೇಬಲ್ಲಿನ ಕೆಲಸ ಕೇಳಿದ. ಅದೂ ಉಳಿಯಲಿಲ್ಲ. ಚೆಂಡು ಸಿಕ್ಕ ಟೀಮು ಇಷ್ಟು ಸೆಕೆಂಡಲ್ಲಿ ಗೋಲಿಗೆ ಹೊಡೀಬೇಕು ಅಂತ ಒಂದು ಗಡಿಯಾರ, 30 ಇದ್ದದ್ದನ್ನ ಈಗ ಇನ್ನೂ ಬಿಗಿ ಮಾಡಿದಾರೆ. ಮೂಲೆಗೆ ಹೋದೋನು ವಾಪಸ್ ಬರೋ ಲೆಕ್ಕ ಬೇರೆ, ಯಾರಿಗೆ ಎಷ್ಟು ಫೌಲು ಅನ್ನೋ ಪಟ್ಟಿ ಬೇರೆ. ಕಣ್ಣು ರೆಪ್ಪೆ ಮುಚ್ಚಂಗಿಲ್ಲ, ಮಂಡಕ್ಕಿ ಅಂತೂ ಟೇಬಲ್ ಹತ್ರ ತರಂಗೇ ಇಲ್ಲ.

“ಚೆಂಡಿಗೆ ಗಾಳಿ ಹೊಡೆಯೋ ಕೆಲಸ ನಂದು ಬಿಡ್ರಿ!”

“ಹೊಡಿ. ಸೂಜಿ ಒದ್ದೆ ಮಾಡ್ಕೊಂಡು ಚುಚ್ಚು, ಒಣ ಸೂಜಿ ಹಾಕಿದ್ರೆ ವಾಲ್ವು ಹರಿಯುತ್ತೆ. ಗಂಡಸರದ್ದು ಸುತ್ತಳತೆ 68ರಿಂದ 71 ಸೆಂಟಿಮೀಟರ್, ಹೆಂಗಸರದ್ದು 65ರಿಂದ 67. ಎರಡರ ತೂಕವೂ 400ರಿಂದ 450 ಗ್ರಾಂ. ಗಾಳಿ ಗೇಜ್ ಇಟ್ಟೇ ನೋಡಬೇಕು. ಕಮ್ಮಿ ಆದ್ರೆ ಎಸೆತಕ್ಕೆ ಜೀವ ಇರಲ್ಲ, ಜಾಸ್ತಿ ಆದ್ರೆ ಒಂದು ಕೈ ಹಿಡಿತಕ್ಕೆ ಸಿಗದೆ ಪುಟಿಯುತ್ತೆ.”

ಹಾಲೇಶ ಉಳಿದ ಮಂಡಕ್ಕಿ ಬಾಯಿಗೆ ಸುರ್ಕೊಂಡು ಕೈ ಒರೆಸ್ಕೊಂಡ. “ಸರಿ ಅಕ್ಕ, ಮಾಡ್ತೀನಿ. ಗೇಜ್ ನೋಡೋಕೆ ಅಸಿಸ್ಟೆಂಟ್ ಯಾರನ್ನ ಕೊಡ್ತೀರಿ?”