ಇಂಗ್ಲಿಷ್ ನೋಟಿಸಿನ ಡಿಜಿಟಲ್ ಸಹಿ ಪಾಸ್, ಕನ್ನಡದ್ದು ಫೇಲ್: ಯಾಕೆ?

ಪ್ರಶ್ನೆ (ವಾಶಿ, ನವಿ ಮುಂಬಯಿ): ಇಲ್ಲಿನ ಕನ್ನಡಿಗರ ಒಂದು ಪತ್ತಿನ ಸಹಕಾರ ಸಂಘಕ್ಕೆ ಸಾಫ್ಟ್‌ವೇರ್ ಬರೆಯುತ್ತಿದ್ದೇವೆ. ಸದಸ್ಯರಿಗೆ ಹೋಗುವ ನೋಟಿಸಿಗೆ ಬೌನ್ಸಿ ಕ್ಯಾಸಲ್ ಎಂಬ ಜಾವಾ ಕ್ರಿಪ್ಟೋ ಲೈಬ್ರರಿಯಿಂದ ಡಿಜಿಟಲ್ ಸಹಿ. ಸಹಿ ಹಾಕುವುದು ವಿಂಡೋಸ್, ಜಾವಾ 11ರಲ್ಲಿ. ನೋಟಿಸ್ ಯುಟಿಎಫ್-8 (ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುನಿಕೋಡ್ ಪದ್ಧತಿ) ಫೈಲಾಗಿ, ಸಹಿ ಬೇರೆ ಪಿ7ಎಸ್ ಫೈಲಾಗಿ ಲಿನಕ್ಸ್ ಸರ್ವರಿಗೆ ಹೋಗುತ್ತದೆ. ಇಂಗ್ಲಿಷ್ ನೋಟಿಸ್ ವೆರಿಫೈ ಆಗುತ್ತದೆ. ಕನ್ನಡದ್ದಕ್ಕೆ ಸರ್ವರಿನಲ್ಲಿ ಮೆಸೇಜ್ ಡೈಜೆಸ್ಟ್ (ಫೈಲಿನ ಬೈಟ್‌ಗಳಿಂದ ಲೆಕ್ಕ ಹಾಕಿದ, ಬೆರಳಚ್ಚಿನಂಥ ಸಂಖ್ಯೆ) ತಾಳೆಯಾಗುತ್ತಿಲ್ಲ ಎಂಬ ಎರರ್. ಸಹಿ ಹಾಕಿದ ಮಶೀನಿನಲ್ಲೇ ನೋಡಿದರೆ ಅದೂ ಪಾಸ್! ಸರ್ಟಿಫಿಕೇಟ್ ಕೆಟ್ಟಿದೆಯೇ?

ಉತ್ತರ (ಹಿಂಜವಡಿ, ಪುಣೆ): ಸರ್ಟಿಫಿಕೇಟ್ ಕೆಟ್ಟಿದ್ದರೆ ಇಂಗ್ಲಿಷೂ ಪಾಸಾಗುತ್ತಿರಲಿಲ್ಲ. ಕೋಡಿನಲ್ಲಿ ಸ್ಟ್ರಿಂಗನ್ನು (ಪಠ್ಯವನ್ನು) ಬೈಟ್‌ಗಳಾಗಿಸುವ ಗೆಟ್‌ಬೈಟ್ಸ್ ಅನ್ನು, ಯಾವ ಪದ್ಧತಿಯಲ್ಲಿ ಎಂದು ಹೇಳುವ ಚಾರ್‌ಸೆಟ್ ಕೊಡದೆ ಕರೆದಿರುತ್ತೀರಿ, ನೋಡಿ. ಜಾವಾ 18ರಿಂದ ಈಚೆಗೆ ಅದರ ಡೀಫಾಲ್ಟ್ ಯುಟಿಎಫ್-8. ಅದಕ್ಕೆ ಹಿಂದಿನ ಆವೃತ್ತಿಗಳಲ್ಲಿ ಆಪರೇಟಿಂಗ್ ಸಿಸ್ಟಮ್ ಹೇಳಿದ್ದೇ ಲೆಕ್ಕ, ವಿಂಡೋಸಿನಲ್ಲಿ ಸಾಮಾನ್ಯವಾಗಿ 1252 ಕೋಡ್‌ಪೇಜ್ ಎಂಬ ಅಕ್ಷರ ಪಟ್ಟಿ. ಅದರಲ್ಲಿ ಕನ್ನಡ ಇಲ್ಲವೇ ಇಲ್ಲ, ಹಾಗಾಗಿ ಪ್ರತಿಯೊಂದು ಕನ್ನಡ ಯುನಿಕೋಡ್ ಚಿಹ್ನೆಯೂ ಪ್ರಶ್ನಾರ್ಥಕವಾಗಿ ಬಿಡುತ್ತದೆ.

ಸರ್ವರಿನಲ್ಲಿ ಫೇಲ್ ಆಗಿದ್ದು ಒಳ್ಳೆಯದೇ ಆಯಿತು. ನಿಮ್ಮ ಮಶೀನಿನಲ್ಲಿ ಪಾಸ್ ಆಗುತ್ತಿದೆಯಲ್ಲ, ಹೆದರಬೇಕಾದ್ದು ಅದಕ್ಕೆ. ‘ಸಾಲ’ ಅಂದರೆ ಮೂರು ಚಿಹ್ನೆ: ಸ, ಆಕಾರ, ಲ. ‘ಜಮೆ’ ಕೂಡ ಮೂರೇ. ಎರಡೂ ‘???’ ಆಗುತ್ತವೆ. ಸಹಿ ಬಿದ್ದಿರುವುದು ಪ್ರಶ್ನಾರ್ಥಕಗಳ ಮೇಲೆ. ಯಾರಾದರೂ ನೋಟಿಸಿನಲ್ಲಿ ಸಾಲವನ್ನು ಜಮೆ ಮಾಡಿದರೂ ಆ ಮಶೀನ್ ಸಹಿ ಸರಿ ಇದೆ ಎಂದೇ ಹೇಳುತ್ತದೆ. ಹಳೆಯ ಸಹಿಗಳನ್ನು ನಂಬಬೇಡಿ, ಹೊಸದಾಗಿ ಹಾಕಿ.

ಸರಿಯಾದ ಕ್ರಮ: ಮೊದಲು ಫೈಲ್ ಬರೆಯಿರಿ, ಆಮೇಲೆ ಆ ಫೈಲಿನ ಬೈಟ್‌ಗಳನ್ನೇ ಓದಿ ಸಹಿ ಹಾಕಿ. ಸ್ಟ್ರಿಂಗ್ ಮಧ್ಯೆ ಬರಲೇಬಾರದು. ಬೈಟ್‌ಗಳನ್ನು ಬೌನ್ಸಿ ಕ್ಯಾಸಲಿನ ಸಿಎಂಎಸ್ ಪ್ರೊಸೆಸೆಬಲ್ ಬೈಟ್ ಅರೇಗೆ ಹಾಕಿ (ಸಿಎಂಎಸ್ ಎಂದರೆ ಪಿ7ಎಸ್ ಫೈಲಿನ ಸಹಿಯ ರೂಪ). ಸಿಎಂಎಸ್ ಸೈನ್ಡ್ ಡೇಟಾ ಜನರೇಟರ್‌ಗೆ ಶಾ256-ಆರ್‌ಎಸ್‌ಎ ಸೈನರ್ ಸೇರಿಸಿ, ನಿಮ್ಮ ಸರ್ಟಿಫಿಕೇಟಿನ ಜೊತೆ ಮಧ್ಯದ ಸಿಎ (ಸರ್ಟಿಫಿಕೇಟ್ ಕೊಡುವ ಸಂಸ್ಥೆ) ಸರ್ಟಿಫಿಕೇಟುಗಳನ್ನೂ ಸೇರಿಸಿ, ಜನರೇಟ್‌ಗೆ ಎರಡನೇ ಆರ್ಗ್ಯುಮೆಂಟ್ ಫಾಲ್ಸ್ ಕೊಡಿ. ಟ್ರೂ ಕೊಟ್ಟರೆ ನೋಟಿಸೂ ಪಿ7ಎಸ್ ಒಳಗೇ ಸೇರುತ್ತದೆ. ಬಿಸಿಪ್ರೋವ್, ಬಿಸಿಪಿಕಿಕ್ಸ್, ಬಿಸಿಯುಟಿಲ್ ಎಂಬ ಬೌನ್ಸಿ ಕ್ಯಾಸಲಿನ ಜಾರ್ ಫೈಲುಗಳು ಒಂದೇ ಆವೃತ್ತಿಯವಿರಲಿ.

ಉತ್ತರ (ಫೋಂಡಾ, ಗೋವಾ): ಕನ್ನಡಕ್ಕೆ ಇನ್ನೊಂದು ಬಲೆಯಿದೆ. ‘ಕೊ’ವನ್ನು ಕ ಮತ್ತು ಒಕಾರವಾಗಿ ಬರೆದರೆ ಯುಟಿಎಫ್-8ರಲ್ಲಿ 6 ಬೈಟ್, ಕ, ಎಕಾರ, ಊಕಾರವಾಗಿ ಬಿಡಿಸಿ ಬರೆದರೆ 9. ತೆರೆಯ ಮೇಲೆ ಎರಡೂ ಒಂದೇ. ಸಹಿಯ ನಂತರ ಯಾವುದಾದರೂ ಪ್ರೋಗ್ರಾಂ ನಾರ್ಮಲೈಸ್ ಮಾಡಿದರೆ (ಎಲ್ಲವನ್ನೂ ಒಂದೇ ರೂಪಕ್ಕೆ ತಂದರೆ) ಡೈಜೆಸ್ಟ್ ಬದಲಾಗುತ್ತದೆ. ಮಾಡುವುದಿದ್ದರೆ ಸಹಿಗೆ ಮೊದಲೇ ಎನ್‌ಎಫ್‌ಸಿ (ಕೂಡಿಸಿ ಬರೆಯುವ ರೂಪ) ಮಾಡಿ. ಸಾಲಿನ ಕೊನೆಯದೂ ಇದೇ ಕಥೆ: ಓಪನ್‌ಎಸ್‌ಎಸ್‌ಎಲ್‌ನಲ್ಲಿ ಸಹಿ ಹಾಕುವಾಗ ಬೈನರಿ ಆಪ್ಷನ್ ಬಿಟ್ಟರೆ ಸಾಲು ಮುಗಿಸುವ ಎಲ್‌ಎಫ್ (ಲಿನಕ್ಸ್ ಪದ್ಧತಿ) ಎಲ್ಲ ಸಿಆರ್‌ಎಲ್‌ಎಫ್ (ವಿಂಡೋಸ್ ಪದ್ಧತಿ) ಆಗುತ್ತದೆ. ಪೈಥಾನಿನ ಕ್ರಿಪ್ಟೋಗ್ರಫಿ ಲೈಬ್ರರಿಯ ಪಿಕೆಸಿಎಸ್7 ಬಿಲ್ಡರಿಗೂ ಬೈನರಿ ಬೇಕು.

ಪ್ರಶ್ನೆ (ವಾಶಿ): ಗೆಟ್‌ಬೈಟ್ಸೇ ಆಗಿತ್ತು, ಸರಿಹೋಯಿತು. ಇಷ್ಟು ದಿನ ಟೆಸ್ಟ್ ಕೀ ಇತ್ತು. ಈಗ ಕ್ಲಾಸ್ 3 ಡಿಎಸ್‌ಸಿಯ (ಡಿಜಿಟಲ್ ಸಹಿ ಸರ್ಟಿಫಿಕೇಟಿನ) ಯುಎಸ್‌ಬಿ ಟೋಕನ್ ಹಾಕಿದರೆ, ಕೊಟ್ಟ ಕೀ ಆರ್‌ಎಸ್‌ಎ ಪ್ರೈವೇಟ್ ಕೀ ಅಲ್ಲ ಎನ್ನುತ್ತಿದೆ.

ಉತ್ತರ (ಹಿಂಜವಡಿ): ಟೋಕನಿನ ಕೀ ಹೊರಗೆ ಬರುವುದಿಲ್ಲ. ಜಾವಾ ಕೈಯಲ್ಲಿರುವುದು ಅದರ ಹಿಡಿಕೆ ಮಾತ್ರ. ಕಂಟೆಂಟ್ ಸೈನರ್ ಬಿಲ್ಡರಿನಲ್ಲಿ ಪ್ರೊವೈಡರ್ (ಸಹಿಯ ಲೆಕ್ಕ ಮಾಡುವ ಭಾಗ) ಬಿಸಿ, ಅಂದರೆ ಬೌನ್ಸಿ ಕ್ಯಾಸಲ್, ಎಂದು ಕೊಟ್ಟಿದ್ದೀರಿ, ಅದು ಕೀಯ ಅಂಕಿಗಳನ್ನೇ ಕೇಳುತ್ತದೆ. ಅಲ್ಲಿ ಟೋಕನಿನೊಡನೆ ಮಾತಾಡುವ ಸನ್‌ಪಿಕೆಸಿಎಸ್11 ಪ್ರೊವೈಡರನ್ನು ಕೊಡಿ. ಡೈಜೆಸ್ಟಿಗೆ ಬಿಸಿ ಇದ್ದರೆ ತೊಂದರೆಯಿಲ್ಲ. ಸನ್‌ಪಿಕೆಸಿಎಸ್11ರ ಕಾನ್ಫಿಗ್ ಫೈಲಿನಲ್ಲಿ ಹೆಸರು, ಟೋಕನ್ ಡ್ರೈವರಿನ ಡಿಎಲ್‌ಎಲ್ ದಾರಿ, ಸ್ಲಾಟ್ ಇಷ್ಟು ಸಾಕು. ಜಾವಾ 64 ಬಿಟ್ ಆಗಿದ್ದರೆ ಡಿಎಲ್‌ಎಲ್ ಕೂಡ 64 ಬಿಟ್‌ನದೇ ಆಗಬೇಕು.

ಟೋಕನಿನಲ್ಲಿ ಸಹಿಯದ್ದು, ಎನ್‌ಕ್ರಿಪ್ಷನಿನದು ಎಂದು ಎರಡು ಸರ್ಟಿಫಿಕೇಟ್ ಇರಬಹುದು. ಮೊದಲು ಸಿಕ್ಕ ಏಲಿಯಾಸನ್ನು (ಸರ್ಟಿಫಿಕೇಟಿಗಿಟ್ಟ ಹೆಸರನ್ನು) ಎತ್ತಿಕೊಳ್ಳಬೇಡಿ. ಕೀ ಯೂಸೇಜಿನಲ್ಲಿ ಡಿಜಿಟಲ್ ಸಿಗ್ನೇಚರ್ ಬಿಟ್ ಇರುವುದನ್ನು ಹುಡುಕಿ. ಇನ್ನು ಪಿನ್ ತಪ್ಪಾದರೆ ಕೋಡ್ ತಾನಾಗಿ ಮತ್ತೆ ಪ್ರಯತ್ನಿಸುವಂತೆ ಬರೆಯಲೇಬೇಡಿ. ಕೆಲವೇ ತಪ್ಪಿಗೆ ಟೋಕನ್ ಲಾಕ್.

ಸರ್ವರಿನಲ್ಲಿ ಸೈನರ್ ಇನ್ಫರ್ಮೇಶನಿನ ವೆರಿಫೈ ಟ್ರೂ ಬಂತು ಎಂದು ಅಲ್ಲಿಗೇ ನಿಲ್ಲಿಸುವವರು ಬಹಳ. ಅದು ಮುಖ್ಯವಾಗಿ ಸಹಿಯ ಗಣಿತವನ್ನು ನೋಡುತ್ತದೆ, ಸರ್ಟಿಫಿಕೇಟನ್ನು ನಂಬಬಹುದೇ ಎಂದಲ್ಲ. ಯಾರಾದರೂ ಸಂಘದ ಹೆಸರಿನಲ್ಲಿ ತಾವೇ ಮಾಡಿಕೊಂಡ ಸರ್ಟಿಫಿಕೇಟನ್ನು ಪಿ7ಎಸ್‌ನಲ್ಲಿಟ್ಟರೂ ಟ್ರೂ ಬರುತ್ತದೆ. ಸಿಸಿಎ ಇಂಡಿಯಾ (ಭಾರತದ ಸರ್ಟಿಫಿಕೇಟ್ ಸಂಸ್ಥೆಗಳ ನಿಯಂತ್ರಕ) ರೂಟಿನವರೆಗೆ ಪಿಕಿಕ್ಸ್ ಸರಪಳಿ ಪರೀಕ್ಷೆ (ಪ್ರತಿ ಸರ್ಟಿಫಿಕೇಟಿಗೂ ಅದರ ಮೇಲಿನವರ ಸಹಿ ಇದೆಯೇ ಎಂದು), ಸಿಆರ್‌ಎಲ್ (ರದ್ದಾದ ಸರ್ಟಿಫಿಕೇಟುಗಳ ಪಟ್ಟಿ) ನೋಡುವುದು, ಎರಡನ್ನೂ ನೀವೇ ಬರೆಯಬೇಕು. ಸಹಿಯೊಳಗಿನ ಸೈನಿಂಗ್ ಟೈಮ್ ಕೂಡ ಸಹಿ ಹಾಕಿದ ಕಂಪ್ಯೂಟರಿನ ಗಡಿಯಾರ ಹೇಳಿದ್ದು. ತಾರೀಕಿನ ಮೇಲೆ ತಕರಾರು ಬರುವಂಥ ನೋಟಿಸಾದರೆ ಆರ್‌ಎಫ್‌ಸಿ 3161 ಎಂಬ ಇಂಟರ್ನೆಟ್ ಮಾನದಂಡದ ಟೈಮ್‌ಸ್ಟ್ಯಾಂಪ್, ಅಂದರೆ ಹೊರಗಿನ ನಂಬಿಕಸ್ಥ ಸಂಸ್ಥೆಯ ಸಮಯದ ಮುದ್ರೆ, ಸೇರಿಸಿ.