ಫ್ರೆಂಚ್‌ನಲ್ಲಿ ಹುರಿದುಂಬಿಸುವಾಗ ಏನಂತೀರಿ? ನಿಮ್ಮ ಅನುಭವ ಹೇಳಿ

ತುಲೂಸ್‌ನಿಂದ, ಪ್ರಶ್ನೆ:
ಇಲ್ಲಿಗೆ ಬಂದು ಒಂದು ವರ್ಷವಾಯಿತು. ಫ್ರೆಂಚ್ ಸುಮಾರಾಗಿ ಅರ್ಥವಾಗುತ್ತದೆ. ಆದರೆ ಯಾರಿಗಾದರೂ ಧೈರ್ಯ ಹೇಳಬೇಕು ಅಂದಾಗ ಬಾಯಿ ಕಟ್ಟುತ್ತದೆ. ಆಫೀಸಿನ ಗೆಳತಿ ಏಪ್ರಿಲ್‌ನಲ್ಲಿ ಪ್ಯಾರಿಸ್ ಮ್ಯಾರಥಾನ್ ಓಡುತ್ತಿದ್ದಾಳೆ, ನಾನೂ ಹೋಗುತ್ತೇನೆ. ಕೆಳಗಿನ ಮನೆಯ ಅಜ್ಜಿ ಮೊಣಕಾಲಿನ ಆಪರೇಷನ್ ಆದಮೇಲೆ ಈಗ ಮತ್ತೆ ಮೆಟ್ಟಿಲು ಹತ್ತಲು ಶುರು ಮಾಡಿದ್ದಾರೆ. ಇಬ್ಬರಿಗೂ ಏನು ಹೇಳಲಿ? ಪುಸ್ತಕದ ಮಾತು ಬೇಡ, ನೀವು ಆಡಿದ್ದು, ಕೇಳಿದ್ದು ಹೇಳಿ.

ಲಿಯೋನ್‌ನಿಂದ:
ಗೆಳತಿಗೆ "ಅಲೇ!" ಸಾಕು. ವ್ಯಾಕರಣದಲ್ಲಿ ಅದು "ಹೋಗಿ" ಅನ್ನುವ ರೂಪ. ಆದರೆ ಕೂಗುವಾಗ ನೀನು, ನೀವು ಅನ್ನುವ ಲೆಕ್ಕವಿಲ್ಲ. ಮಗುವಿಗೂ ಅದೇ, ಫುಟ್‌ಬಾಲ್ ತಂಡಕ್ಕೂ ಅದೇ. ನಮ್ಮ "ನಡಿ ನಡಿ" ಇದ್ದ ಹಾಗೆ. ಓಟಗಾರರ ಎದೆ ಮೇಲಿನ ನಂಬರ್ ಚೀಟಿಯಲ್ಲಿ ಹೆಸರೂ ಇರುತ್ತದೆ. ಹೆಸರು ಸೇರಿಸಿ ಕೂಗಿ. ಗುರುತಿಲ್ಲದವರ ಮುಖವೂ ಅರಳುತ್ತದೆ.

ಆದರೆ 30ನೇ ಕಿಲೋಮೀಟರ್ ಹತ್ತಿರ ನಿಲ್ಲಿ. ಅಲ್ಲಿ ಮೈ ಇದ್ದಕ್ಕಿದ್ದಂತೆ ಸೋಲುವುದಕ್ಕೆ ಓಟಗಾರರು "ಲ ಮ್ಯೂರ್" ಅನ್ನುತ್ತಾರೆ, ಗೋಡೆ ಅಂತ. ಆಗ "ನ ಲಾಶ್ ರಿಯಾಂ" ಅನ್ನಿ, ಏನೇ ಆದರೂ ಬಿಡಬೇಡ ಅಂತ. "ನಾಬಾಂದೋನ್ ಪಾ" ಅಂದರೂ ಅರ್ಥ ಹೆಚ್ಚು ಕಡಿಮೆ ಅದೇ. ಆದರೆ ಓಟವನ್ನು ಅರ್ಧಕ್ಕೆ ಬಿಡುವುದಕ್ಕೂ ಇಲ್ಲಿ "ಅಬಾಂದೋಂ" ಅಂತಲೇ ಹೆಸರು. ಕಾಲು ಸೋತವರ ಕಿವಿಗೆ ಆ ಪದ ಬೀಳುವುದೇ ಬೇಡ.

ರಟ್ಟಿನ ಮೇಲೆ ಬರೆದು ಹಿಡಿಯುವುದಾದರೆ ಒಂದು ಮಾತು. "ಕೋಂತಿನ್ಯು", ಅಂದರೆ ಮುಂದುವರಿಸು, ಇದಕ್ಕೆ ಕೊನೆಯಲ್ಲಿ ಎಸ್ ಬರೆಯಬಾರದು. ನಾನು ಮೊದಲ ಸಲ ಬರೆದುಬಿಟ್ಟಿದ್ದೆ. ಪಕ್ಕದಲ್ಲಿದ್ದ ಚಿಕ್ಕ ಹುಡುಗನೊಬ್ಬ ಸ್ಕೆಚ್ ಪೆನ್ ತೆಗೆದು, ಆ ಎಸ್ ಸುತ್ತ ದಳ ಬರೆದು ಹೂವು ಮಾಡಿದ. "ವಾಝಿ", ಅಂದರೆ ನಡಿ, ಹೋಗು, ಇದರಲ್ಲಿ ಮಾತ್ರ ಎಸ್ ಇರಲೇಬೇಕು, ಆ ಝಕಾರ ಬರುವುದೇ ಅದರಿಂದ.

ನಾಂತ್‌ನಿಂದ:
ಅಜ್ಜಿಗೆ ಮೈದಾನದ ಕೂಗು ಬೇಡ. "ಅಲೇಝಿ ದೂಸ್ಮಾಂ", ನಿಧಾನಕ್ಕೆ ಹೋಗಿ. ಇಲ್ಲವೇ "ಪ್ರನೇ ವೋತ್ರ್ ತಾಂ", ಅವಸರ ಬೇಡ. ಹೋಗು, ಹೋಗಿ ಅನ್ನುವ ವ್ಯತ್ಯಾಸ ನಮಗೆ ಹುಟ್ಟಿನಿಂದ ಗೊತ್ತು, ಅಲ್ವಾ? ಅದನ್ನೇ ನಂಬಿ. ಯಾವ ರೂಪ ಅಂತ ಅನುಮಾನ ಬಂದರೆ "ಕುರಾಝ್" ಅನ್ನಿ, ಧೈರ್ಯ ಅಂತ. ಅದು ನಾಮಪದ, ಎಲ್ಲರಿಗೂ ಹೊಂದುತ್ತದೆ. "ಬೋನ್ ಶಾಂಸ್", ಅಂದರೆ ಗುಡ್ ಲಕ್, ಬೇಡ. ಅದು ಅದೃಷ್ಟಕ್ಕೆ ಬಿಟ್ಟದ್ದು, ಅಜ್ಜಿ ಪಡುತ್ತಿರುವುದು ಶ್ರಮ.

ನನಗೆ ಈ ರೂಪಗಳ ಬೆಲೆ ತಿಳಿದದ್ದು ಹೆರಿಗೆಯಲ್ಲಿ. ಆಗ ನನಗೆ ಬರುತ್ತಿದ್ದ ಫ್ರೆಂಚ್ ತುಂಬ ಕಡಿಮೆ. ಸಾಝ್ ಫಾಮ್, ಅಂದರೆ ಸೂಲಗಿತ್ತಿ, ನನ್ನ ಮಣಿಕಟ್ಟು ಹಿಡಿದು ಕಿವಿ ಹತ್ತಿರ ಬಾಗಿ "ಪೂಸೇ, ಪೂಸೇ, ಕೋಂತಿನ್ಯುಏ" ಅನ್ನುತ್ತಿದ್ದರು. ನಮ್ಮ ಕಡೆ "ಮುಕ್ಕಮ್ಮಾ, ಇನ್ನೊಂದ್ಸಲ ಮುಕ್ಕು" ಅನ್ನುತ್ತಾರಲ್ಲ, ಹಾಗೆ. ನಡುವೆ "ಸೂಫ್ಲೇ", ಉಸಿರು ಬಿಡಿ. ಈ ಮೂರೇ ಪದ. ಬೇರೇನೂ ತಲೆಗೆ ಹೋಗುತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ನೋವಿನಲ್ಲಿ ಇರುವವರಿಗೆ ಉದ್ದ ವಾಕ್ಯ ಹೇಳಬೇಡಿ.

ಮಾಂಟ್ರಿಯಲ್‌ನಿಂದ:
ಇಲ್ಲಿ "ಲಾಶ್ ಪಾ!", ಬಿಡಬೇಡ, ಅನ್ನುವುದೇ ಜಾಸ್ತಿ, ಶುರುವಿನ "ನ" ಬಿಟ್ಟು. "ಲಾಶ್ ಪಾ ಲಾ ಪತಾತ್" ಅಂತಲೂ ಹೇಳುತ್ತಾರೆ, ಆಲೂಗಡ್ಡೆ ಕೈಬಿಡಬೇಡ ಅಂತ! ಇದು ಈ ಕಡೆಯ ಮಾತು, ಪ್ಯಾರಿಸ್‌ನಲ್ಲಿ ಬೇಡ.

ತುಲೂಸ್‌ನಿಂದ, ಮತ್ತೆ:
ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ಸಂಜೆ ಅಜ್ಜಿ ಮೆಟ್ಟಿಲ ಮಧ್ಯೆ ಕಂಬಿ ಹಿಡಿದು ನಿಂತಿದ್ದರು. "ಪ್ರನೇ ವೋತ್ರ್ ತಾಂ" ಅಂದೆ. ಕೋಲನ್ನು ಇನ್ನೊಂದು ಕೈಗೆ ತೆಗೆದುಕೊಂಡು, "ಅಲೇ, ಆಂಕೋರ್ ಯೂನ್", ಇನ್ನೊಂದು, ಅಂತ ತಮಗೆ ತಾವೇ ಹೇಳಿಕೊಂಡು ಹತ್ತಿದರು.